ಮ್ಯೂನಿಕ್‌ನಿಂದ ವೆನಿಸ್‌ಗೆ ಬಾಡಿಗೆ ಕಾರು: ಟೋಲ್ ಎಲ್ಲಿ, ಹೇಗೆ ಕಟ್ಟೋದು?

ಪ್ರಶ್ನೆ: ನಾವು ಮೈಸೂರಿನವರು. ಜೂನ್‌ನಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು ಯೂರೋಪಿಗೆ ಹೊರಟಿದ್ದೇವೆ. ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಆಸ್ಟ್ರಿಯಾ ಹಾದು ವೆನಿಸ್‌ಗೆ ಹೋಗಿ, ಮಿಲಾನ್, ಸ್ವಿಟ್ಜರ್‌ಲೆಂಡ್ ಮೇಲೆ ಮ್ಯೂನಿಕ್‌ಗೆ ವಾಪಸ್ ಬರುವ ಯೋಚನೆ ಇದೆ. ಅಲ್ಲಿ ನಮ್ಮ ಫಾಸ್ಟ್‌ಟ್ಯಾಗ್ ತರಹ ಎಲ್ಲಾ ಕಡೆ ನಡೆಯುವ ಒಂದೇ ಟ್ಯಾಗ್ ಸಿಗುತ್ತದೆಯೇ? ಟೋಲನ್ನೆಲ್ಲ ಇಲ್ಲಿಂದಲೇ ಕಟ್ಟಿಬಿಡಬಹುದೇ? ಮ್ಯಾಪ್‌ನಲ್ಲಿ ‘ಟೋಲ್ ರಸ್ತೆ ಬೇಡ’ ಅಂತ ಹಾಕಿಕೊಂಡು ಹೋದರೆ ಏನಾದರೂ ಉಳಿಯುತ್ತದೆಯೇ? ಇಟಲಿಗೆ ಹೋಗಿಬಂದ ಸ್ನೇಹಿತರೊಬ್ಬರಿಗೆ ಆರು ತಿಂಗಳಾದ ಮೇಲೆ ದಂಡದ ಪತ್ರ ಬಂತು. ಅದಕ್ಕೇ ಸ್ವಲ್ಪ ಹೆದರಿಕೆ.

ಉತ್ತರ: ನಿಮ್ಮ ದಾರಿ ಚೆನ್ನಾಗಿದೆ. ನಾಲ್ಕು ದೇಶ, ನಾಲ್ಕು ಪದ್ಧತಿ. ಟೋಲ್ ಹಣ ನೋಡಿದರೆ ಅಂಥಾ ದೊಡ್ಡದಲ್ಲ, ಇಡೀ ಪ್ರವಾಸದ ಟೋಲ್ ಒಂದು ರಾತ್ರಿಯ ಹೋಟೆಲ್ ಬಾಡಿಗೆಯಷ್ಟೂ ಆಗದಿರಬಹುದು. ಜೇಬಿಗೆ ಕತ್ತರಿ ಬೀಳುವುದು ಕಟ್ಟಬೇಕಾದದ್ದನ್ನು ಗೊತ್ತಿಲ್ಲದೆ ಬಿಟ್ಟಾಗ.

ನಮ್ಮಲ್ಲಿ ಟೋಲ್ ಅಂದರೆ ಗೇಟು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಹೋದರೆ ಪ್ಲಾಜಾ ಕಾಣುತ್ತದೆ, ಟ್ಯಾಗ್ ಓದುತ್ತದೆ, ಫೋನಿಗೆ ಮೆಸೇಜ್ ಬರುತ್ತದೆ. ಟ್ಯಾಗ್ ಇಲ್ಲದಿದ್ದರೆ ಹೆಚ್ಚು ಹಣ ಕಿತ್ತುಕೊಂಡು ಬಿಡುತ್ತಾರೆ. ಏನೇ ಆದರೂ ಲೆಕ್ಕ ಅಲ್ಲೇ ಮುಗಿಯಿತು. ಯೂರೋಪಿನ ಎಷ್ಟೋ ರಸ್ತೆಗಳಲ್ಲಿ ನಿಮ್ಮನ್ನು ಯಾರೂ ನಿಲ್ಲಿಸುವುದೇ ಇಲ್ಲ. ಗೇಟಿಲ್ಲ, ಹಂಪಿಲ್ಲ, ಕೈ ಅಡ್ಡ ಹಾಕುವವರಿಲ್ಲ. ಆರಾಮಾಗಿ ಹೋಗುತ್ತಲೇ ಇರುತ್ತೀರಿ, ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಬರೆದುಕೊಳ್ಳುತ್ತಿರುತ್ತದೆ. ಹಾಗಾಗಿ ಗಡಿ ದಾಟುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ರಸ್ತೆಯ ಹಣ ಮೊದಲೇ ಕಟ್ಟುವಂಥದ್ದೋ, ಗೇಟಿನಲ್ಲಿ ಕಟ್ಟುವಂಥದ್ದೋ, ಅಥವಾ ಹೋದ ಮೇಲೆ ನಾವೇ ನೆನಪಿಟ್ಟುಕೊಂಡು ಕಟ್ಟುವಂಥದ್ದೋ? ನಿಮ್ಮ ದಾರಿಯಲ್ಲಿ ಮೂರೂ ಸಿಗುತ್ತವೆ.

ಮೊದಲು ಟ್ಯಾಗ್ ವಿಚಾರ. ಇಟಲಿಯ ಟೆಲಿಪಾಸ್‌ನಂಥ ಟ್ಯಾಗ್‌ಗಳಿವೆ, ಕೆಲವು ಎರಡು ಮೂರು ದೇಶಗಳಲ್ಲೂ ನಡೆಯುತ್ತವೆ. ಆದರೆ ಅವು ಅಲ್ಲೇ ಇದ್ದು ಆಗಾಗ ಓಡಾಡುವವರಿಗೆ ಸರಿ. ಎರಡು ವಾರಕ್ಕೆ ಬಾಡಿಗೆ ಕಾರು ಹಿಡಿದವರಿಗೆ ಬೇಕಿಲ್ಲ. ಅಲ್ಲದೆ ಆಸ್ಟ್ರಿಯಾದ, ಸ್ವಿಟ್ಜರ್‌ಲೆಂಡ್‌ನ ಮುಖ್ಯ ಶುಲ್ಕ ಟ್ಯಾಗ್ ಓದಿ ಕಡಿಯುವಂಥದ್ದೇ ಅಲ್ಲ.

ಜರ್ಮನಿಯ ಆಟೊಬಾನ್‌ನಲ್ಲಿ ಕಾರಿಗೆ ಟೋಲ್ ಇಲ್ಲ. ಹಾಕಬೇಕು ಅಂತ ಅಲ್ಲಿನ ಸರ್ಕಾರಕ್ಕೆ ತುಂಬಾ ಆಸೆ ಇತ್ತು. ಎಲ್ಲರ ಹತ್ತಿರವೂ ವಸೂಲಿ ಮಾಡಿ, ತಮ್ಮ ದೇಶದವರಿಗೆ ಮಾತ್ರ ವಾಹನ ತೆರಿಗೆಯಲ್ಲಿ ಕಡಿತ ಕೊಡುವ ಯೋಜನೆ ಅದು. ಪಕ್ಕದ ಆಸ್ಟ್ರಿಯಾ ಕೋರ್ಟಿಗೆ ಹೋಯಿತು. 2019ರ ಜೂನ್‌ನಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಇದು ಹೊರಗಿನವರಿಗೆ ಮಾಡುವ ಭೇದ ಅಂತ ತಳ್ಳಿಹಾಕಿತು. ಅದರ ಲಾಭ ಈಗ ನಿಮಗೂ ಇದೆ. ಮ್ಯೂನಿಕ್‌ನಿಂದ ಗಡಿಯವರೆಗೆ ಬಿಡಿಗಾಸು ಖರ್ಚಿಲ್ಲ.

ಗಡಿ ದಾಟಿದರೆ ಆಸ್ಟ್ರಿಯಾ. ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಸ್ಟ್ರಿಯಾದ ಮೋಟಾರುದಾರಿಗಳಲ್ಲಿ, ಅಂದರೆ ವೇಗದ ಹೆದ್ದಾರಿಗಳಲ್ಲಿ, ಓಡಿಸಲು ‘ವಿನ್ಯೆಟ್’ ಬೇಕು. ಇಂತಿಷ್ಟು ದಿನಕ್ಕೆ ಅಂತ ಮೊದಲೇ ಹಣ ಕಟ್ಟಿ ಪಡೆಯುವ ರಸ್ತೆ ಪಾಸು ಅದು. 1997ರಿಂದ ಇರುವ ಪದ್ಧತಿ. ಎಷ್ಟು ದೂರ ಹೋದಿರಿ ಅನ್ನುವ ಲೆಕ್ಕ ಇಲ್ಲ, ಎಷ್ಟು ದಿನ ಅನ್ನುವುದಷ್ಟೇ ಲೆಕ್ಕ. ಕಾರಿಗೆ ಒಂದು ದಿನದ್ದು, ಹತ್ತು ದಿನದ್ದು, ಎರಡು ತಿಂಗಳದ್ದು, ವರ್ಷದ್ದು ಸಿಗುತ್ತವೆ. 2025ರ ದರದಲ್ಲಿ ಹತ್ತು ದಿನಕ್ಕೆ 12.40 ಯೂರೊ, ಒಂದು ದಿನಕ್ಕೆ 9.30 ಯೂರೊ ಇತ್ತು. ದರ ಸಾಮಾನ್ಯವಾಗಿ ಪ್ರತಿ ವರ್ಷ ಅಷ್ಟಿಷ್ಟು ಏರುತ್ತದೆ. ಒಂದು ದಿನದ್ದಕ್ಕೂ ಹತ್ತು ದಿನದ್ದಕ್ಕೂ ಇರುವ ವ್ಯತ್ಯಾಸ ನೋಡಿ, ಸುಮಾರು 300 ರೂಪಾಯಿ. ಮಕ್ಕಳು ಜೊತೆಗಿದ್ದರೆ ದಾರಿಯಲ್ಲಿ ಒಂದು ದಿನ ಹೆಚ್ಚು ಉಳಿಯುವ ಮನಸ್ಸಾಗೇ ಆಗುತ್ತದೆ. ಸುಮ್ನೆ ಹತ್ತು ದಿನದ್ದು ತಗೊಳ್ಳಿ.

ಇದನ್ನು ಮೈಸೂರಿನಲ್ಲಿ ಕೂತು ಕೊಳ್ಳಬಹುದೇ? ಕೊಳ್ಳಲು ಅಂತರ್ಜಾಲದಲ್ಲಿ ಸಿಗುತ್ತದೆ, ಆದರೆ ನಿಮಗೆ ಆಗುವುದಿಲ್ಲ. ಡಿಜಿಟಲ್ ವಿನ್ಯೆಟ್ ಕಾರಿನ ನಂಬರಿಗೆ ಅಂಟಿರುತ್ತದೆ. ಬಾಡಿಗೆ ಕಾರಿನ ನಂಬರ್ ನಿಮಗೆ ಗೊತ್ತಾಗುವುದು ಕೌಂಟರಿನಲ್ಲಿ ಕೀ ಕೈಗೆ ಬಂದ ಮೇಲೆ. ಕೆಲವರು ‘ಬುಕಿಂಗ್‌ನಲ್ಲಿ ಈ ಕಾರು ಅಂತ ಇದೆಯಲ್ಲ’ ಅನ್ನುತ್ತಾರೆ. ಅಲ್ಲಿ ಬರೆದಿರುವುದು ಕಾರಿನ ದರ್ಜೆ ಮಾತ್ರ. ಹಾಗಾಗಿ ಕೀ ಸಿಕ್ಕ ತಕ್ಷಣ ಮಾಡಬೇಕಾದ ಕೆಲಸ, ನಂಬರ್ ಪ್ಲೇಟಿನ ಫೋಟೊ. ಆಮೇಲೆ ಒಪ್ಪಂದದ ಕಾಗದದಲ್ಲಿರುವ ನಂಬರಿಗೂ ಪ್ಲೇಟಿಗೂ ಹೊಂದಿಸಿ ನೋಡಿ. ಸೊನ್ನೆಯೋ ‘ಓ’ ಅಕ್ಷರವೋ ಅನ್ನುವ ಗೊಂದಲ ಇಲ್ಲಿ ದುಬಾರಿ. ಒಂದಕ್ಷರ ತಪ್ಪಾದರೆ ನೀವು ಬೇರೆ ಯಾರದೋ ಕಾರಿಗೆ ಹಣ ಕಟ್ಟಿದ ಹಾಗೆ. ದೇಶ ಅಂತ ಕೇಳಿದ ಕಡೆ ಜರ್ಮನಿ ಆರಿಸಿ. ನೀವು ಆಸ್ಟ್ರಿಯಾಕ್ಕೆ ಹೋಗುತ್ತಿದ್ದರೂ ಕಾರು ಜರ್ಮನಿಯದು ಅಲ್ವಾ.

ಕೊಳ್ಳುವ ಜಾಗದ ಬಗ್ಗೆ ಎರಡು ಮಾತು. ಆಸ್ಟ್ರಿಯಾದ ಮೋಟಾರುದಾರಿ ನೋಡಿಕೊಳ್ಳುವ ಸರ್ಕಾರಿ ಕಂಪನಿಯ ಹೆಸರು ಆಸ್ಫಿನಾಗ್. ಅವರದೇ ತಾಣ, ಅವರದೇ ಆ್ಯಪ್ ಬಳಸಿ. ಹುಡುಕಿದಾಗ ಮೇಲೆ ಜಾಹೀರಾತಾಗಿ ಬರುವ ಎಷ್ಟೋ ತಾಣಗಳು ಮಧ್ಯವರ್ತಿಗಳದ್ದು. ನೋಡಲು ಸರ್ಕಾರಿ ತಾಣದ ಹಾಗೇ ಇರುತ್ತವೆ, ಅದೇ ವಿನ್ಯೆಟ್‌ಗೆ ತಮ್ಮ ಶುಲ್ಕ ಸೇರಿಸಿ ಮಾರುತ್ತವೆ. ಇನ್ನೊಂದು ಮಾತು, ಯಾವತ್ತಿನಿಂದ ಚಾಲ್ತಿ ಅನ್ನುವುದನ್ನು ಹಣ ಕಟ್ಟುವ ಮುಂಚೆ ಓದಿ. ಅಂತರ್ಜಾಲದಲ್ಲಿ ಕೊಂಡ ಸರಕನ್ನು ಗ್ರಾಹಕ 14 ದಿನದೊಳಗೆ ವಾಪಸ್ ಮಾಡಬಹುದು ಅನ್ನುವ ಕಾನೂನು ಅಲ್ಲಿದೆ. ಆ ಕಾನೂನಿನ ಕಾರಣಕ್ಕೆ ವರ್ಷದ ವಿನ್ಯೆಟ್‌ನಂಥವು ಕೊಂಡ 18ನೇ ದಿನದಿಂದ ಚಾಲ್ತಿಗೆ ಬರುವ ಪದ್ಧತಿ ಬಂತು. ಗ್ರಾಹಕರ ರಕ್ಷಣೆಗೆ ಮಾಡಿದ ಕಾನೂನು ಪ್ರವಾಸಿಗರ ಕಾಲಿಗೇ ತೊಡರಿಕೊಂಡ ಕಥೆ ಇದು. ಪರದೆಯ ಮೇಲೆ ನಿಮ್ಮ ಪ್ರಯಾಣದ ದಿನವೇ ಕಾಣುತ್ತಿದ್ದರೆ ಸರಿ. ಇಲ್ಲವಾದರೆ ಗಡಿಗೆ ಮುಂಚೆ ಸಿಗುವ ಜರ್ಮನಿಯ ಪೆಟ್ರೋಲ್ ಬಂಕಿಗೆ ನುಗ್ಗಿ ಕೊಂಡುಬಿಡಿ, ಅದು ಆಗಲೇ ಚಾಲ್ತಿಗೆ ಬರುತ್ತದೆ. ಅಂಟಿಸುವ ಸ್ಟಿಕರ್ ಕೊಟ್ಟರೆ ಒಳಗಿನಿಂದ ಗಾಜಿಗೆ ಅಂಟಿಸಲೇಬೇಕು. ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡರೆ ಇಲ್ಲದ ಹಾಗೇ ಲೆಕ್ಕ.

ಇಲ್ಲದೆ ಸಿಕ್ಕಿಬಿದ್ದರೆ? ‘ಬದಲಿ ಟೋಲ್’ ಅಂತ 120 ಯೂರೊಗೆ ಕಡಿಮೆ ಇಲ್ಲದೆ ಕಟ್ಟಬೇಕು. ಅದನ್ನೂ ಕಟ್ಟದಿದ್ದರೆ ವಿಷಯ 300 ಯೂರೊದಿಂದ ಮೇಲಿನ ದಂಡಕ್ಕೆ ಹೋಗುತ್ತದೆ. ಹನ್ನೆರಡು ಯೂರೊ ಉಳಿಸಲು ಹೋಗುವ ಕೆಲಸ ಅಲ್ಲ.

ನಿಮ್ಮ ದಾರಿ ಕುಫ್‌ಸ್ಟೈನ್ ಬಳಿ ಆಸ್ಟ್ರಿಯಾ ಸೇರುತ್ತದೆ. ಗಡಿಯಿಂದ ‘ಕುಫ್‌ಸ್ಟೈನ್ ದಕ್ಷಿಣ’ ನಿರ್ಗಮನದವರೆಗಿನ ಚಿಕ್ಕ ತುಂಡಿಗೆ 2019ರ ಡಿಸೆಂಬರ್‌ನಿಂದ ವಿನಾಯಿತಿ ಇದೆ. ಟೋಲ್ ತಪ್ಪಿಸುವವರ ಕಾರುಗಳಿಂದ ಊರೊಳಗಿನ ಬೀದಿಗಳು ಕಟ್ಟಿಹೋಗಿದ್ದವು, ಅದಕ್ಕೆ ಬಿಟ್ಟರು. ಅದರಾಚೆ ಇನ್ಸ್‌ಬ್ರುಕ್‌ವರೆಗೆ ವಿನ್ಯೆಟ್ ಬೇಕೇ ಬೇಕು.

ಇನ್ಸ್‌ಬ್ರುಕ್ ದಾಟಿದ ಮೇಲೆ ಇನ್ನೊಂದು ತಿರುವು. ಅಲ್ಲಿಂದ ಬ್ರೆನ್ನರ್ ಘಾಟಿಗೆ ಏರುವ ಎ13 ರಸ್ತೆಗೆ ವಿನ್ಯೆಟ್ ಲೆಕ್ಕಕ್ಕಿಲ್ಲ, ಬೇರೆಯೇ ಟೋಲ್. ಬೆಟ್ಟ ಕೊರೆದು, ಎತ್ತರದ ಸೇತುವೆ ಕಟ್ಟಿ ಮಾಡಿದ ದುಬಾರಿ ರಸ್ತೆಗಳಿಗೆ ಆಸ್ಟ್ರಿಯಾ ಹೀಗೆ ಪ್ರತ್ಯೇಕ ಹಣ ತಗೊಳ್ಳುತ್ತದೆ. ಯೂರೋಪಾ ಸೇತುವೆ ಇರುವುದು ಇದೇ ರಸ್ತೆಯಲ್ಲಿ. 1963ರಲ್ಲಿ ತೆರೆದದ್ದು, ಕಣಿವೆಯ ತಳದಿಂದ ಸುಮಾರು 190 ಮೀಟರ್ ಎತ್ತರ. ಟೋಲ್ ಒಂದು ಕಡೆಗೆ ಸುಮಾರು 12 ಯೂರೊ. ಗೇಟಿನಲ್ಲೇ ಕಾರ್ಡ್ ಅಥವಾ ನಗದು ಕೊಡಬಹುದು. ಮೊದಲೇ ಆಸ್ಫಿನಾಗ್ ತಾಣದಲ್ಲಿ ನಂಬರ್ ಕೊಟ್ಟು ಕಟ್ಟಿದ್ದರೆ ಅದಕ್ಕೆಂದೇ ಇರುವ ಲೇನಿನಲ್ಲಿ ಗೇಟು ತಾನೇ ತೆರೆಯುತ್ತದೆ. ಬೇಸಿಗೆಯ ಶನಿವಾರ ಅಲ್ಲಿನ ಸಾಲು ನೋಡಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಇಟಲಿ. ಇಲ್ಲಿ ನಮಗೆ ಪರಿಚಯದ ಗೇಟು ಇದೆ. ಅಷ್ಟಕ್ಕೂ ಈ ಪದ್ಧತಿಯ ತವರೇ ಇಟಲಿ: 1924ರಲ್ಲಿ ಮಿಲಾನ್‌ನಿಂದ ವಾರೇಸೆಗೆ ಕಾರುಗಳಿಗೆಂದೇ ಟೋಲ್ ರಸ್ತೆ ತೆರೆದರು. ಈಗಿನ ಕ್ರಮ ಹೀಗೆ: ಒಳಗೆ ಹೋಗುವಾಗ ಗೇಟಿನಲ್ಲಿ ಗುಂಡಿ ಒತ್ತಿ ಚೀಟಿ ತಗೊಳ್ಳುತ್ತೀರಿ. ಹೊರಗೆ ಬರುವಾಗ ಚೀಟಿ ಹಾಕಿದರೆ ಯಂತ್ರ ದೂರ ಲೆಕ್ಕ ಹಾಕಿ ಹಣ ಕೇಳುತ್ತದೆ. ಅಂದಾಜಿಗೆ ಕಿಲೋಮೀಟರಿಗೆ 8 ಸೆಂಟ್ ಅಂತ ಇಟ್ಟುಕೊಳ್ಳಿ, ರಸ್ತೆಯಿಂದ ರಸ್ತೆಗೆ ಹೆಚ್ಚು ಕಡಿಮೆ ಆಗುತ್ತದೆ. ಬ್ರೆನ್ನರ್ ಇಳಿದು ವಿಪಿಟೇನೊ ಗೇಟಿನಲ್ಲಿ ತಗೊಂಡ ಚೀಟಿಯೇ ವೆರೋನಾದಲ್ಲಿ ಎ22 ಬಿಟ್ಟು ಎ4 ಹಿಡಿದಾಗಲೂ ನಡೆಯುತ್ತದೆ. ವೆನಿಸ್ ಹತ್ತಿರದ ಮೆಸ್ತ್ರೆಯಲ್ಲಿ ಹೊರಬೀಳುವಾಗ ಒಟ್ಟು ಹಣ ಕೊಟ್ಟರಾಯಿತು. ಅಷ್ಟು ಹೊತ್ತು ಆ ಚೀಟಿ ಜೋಪಾನ. ಕಳೆದುಹೋದರೆ ಅತಿ ದೂರದ ಗೇಟಿನಿಂದ ಬಂದಿರಿ ಅಂತ ಲೆಕ್ಕ ಹಾಕುವ ಹಕ್ಕು ಅವರಿಗಿದೆ. ಮಕ್ಕಳ ಕೈಗೆ ಕೊಡಬೇಡಿ.

ಗೇಟಿನ ಮುಂದೆ ಹತ್ತು ಲೇನ್ ಕಂಡಾಗ ಯಾವುದಕ್ಕೆ ನುಗ್ಗಬೇಕು? ಹಳದಿ ಬೋರ್ಡು ಟೆಲಿಪಾಸ್‌ನದು. ಹಳದಿ ಮಾತ್ರ ಇದ್ದರೆ ಆ ಲೇನು ನಿಮ್ಮದಲ್ಲ. ನೀಲಿ ಬೋರ್ಡು ಕಾರ್ಡಿಗೆ. ಬಿಳಿ ಬೋರ್ಡಿನ ಮೇಲೆ ಕೈ ಮತ್ತು ನಾಣ್ಯದ ಚಿತ್ರ ಇದ್ದರೆ ನಗದು ನಡೆಯುತ್ತದೆ. ಗೊತ್ತಾಗದಿದ್ದರೆ ಬಿಳಿಯೇ ವಾಸಿ. ಯಂತ್ರ ಚಾಲಕನ ಎಡಕ್ಕೆ ಇರುತ್ತದೆ, ಏಕೆಂದರೆ ಅಲ್ಲಿ ಸ್ಟೀರಿಂಗೂ ಎಡಕ್ಕೇ. ನಮ್ಮ ಅಭ್ಯಾಸ ಬಲಗಡೆಯದು. ಮೊದಲ ಗೇಟಿನಲ್ಲಿ ಯಂತ್ರದಿಂದ ಒಂದು ಮಾರು ದೂರ ನಿಲ್ಲಿಸಿ ಸೀಟ್‌ಬೆಲ್ಟ್ ಬಿಚ್ಚಿ ಬಾಗುವುದು ನಮ್ಮವರೆಲ್ಲರ ಹಣೆಬರಹ. ಹಿಂದಿನವರು ಹಾರ್ನ್ ಹೊಡೆದರೂ ಗಾಬರಿ ಬೇಡ.

ತಪ್ಪು ಲೇನಿಗೆ ಹೋದರೆ ಮಾಡಬಾರದ ಕೆಲಸ ಒಂದೇ, ರಿವರ್ಸ್. ಅದಕ್ಕೆ ಭಾರಿ ದಂಡ ಇದೆ, ಜೊತೆಗೆ ಅಪಾಯ. ಯಂತ್ರದ ಮೇಲೆ ಸಹಾಯದ ಕೆಂಪು ಗುಂಡಿ ಇರುತ್ತದೆ, ಒತ್ತಿ ಕಾಯಿರಿ. ಕಾರ್ಡ್ ನಡೆಯದಿದ್ದರೂ ಅಷ್ಟೇ. ‘ಹಣ ಪಾವತಿ ಆಗಿಲ್ಲ’ ಅನ್ನುವ ಚೀಟಿ ಹೊರಬಂದು ಗೇಟು ತೆರೆಯುತ್ತದೆ. ಆ ಚೀಟಿ ದಂಡದ್ದಲ್ಲ. 15 ದಿನದೊಳಗೆ ಅದರ ಮೇಲಿನ ನಂಬರ್ ಹಾಕಿ ಅಂತರ್ಜಾಲದಲ್ಲಿ ಕಟ್ಟಿದರೆ ಮೂಲ ಟೋಲ್ ಮಾತ್ರ. ಎಷ್ಟೋ ಜನ ‘ಸದ್ಯ ಬಿಟ್ಟರಲ್ಲ’ ಅಂತ ಅದನ್ನು ಕಾರಿನಲ್ಲೇ ಬಿಟ್ಟು ವಿಮಾನ ಹತ್ತುತ್ತಾರೆ. ಆಮೇಲೆ ಬಾಡಿಗೆ ಕಂಪನಿ ನಿಮ್ಮ ವಿವರ ಕೊಟ್ಟಿದ್ದಕ್ಕೆ ತನ್ನ ಶುಲ್ಕ ಕಡಿದುಕೊಳ್ಳುತ್ತದೆ. ನಾಲ್ಕೈದು ಯೂರೊ ಬಾಕಿಗೆ ಹತ್ತಾರು ಯೂರೊ ಶುಲ್ಕ ಬೀಳುವುದು ಹೀಗೆ.

ವೆನಿಸ್‌ನಿಂದ ಮಿಲಾನ್ ಕಡೆ ಬಂದು ಕೋಮೊ ದಾರಿ ಹಿಡಿದಾಗ ಮೂರನೆಯ ಬಗೆ ಎದುರಾಗಬಹುದು. ಮಿಲಾನ್‌ನ ಉತ್ತರಕ್ಕೆ ಎ36 ಅಂತ ಒಂದು ರಸ್ತೆ ಇದೆ, ಪೆದೆಮೊಂತಾನಾ ಅನ್ನುತ್ತಾರೆ. ಗೇಟೇ ಇಲ್ಲ. ಕಮಾನಿನ ಮೇಲಿನ ಕ್ಯಾಮೆರಾ ನಂಬರ್ ಓದುತ್ತದೆ, 15 ದಿನದೊಳಗೆ ನೀವೇ ಅವರ ತಾಣಕ್ಕೆ ಹೋಗಿ ನಂಬರ್ ಹಾಕಿ ಕಟ್ಟಬೇಕು.  ಮ್ಯಾಪ್ ಎರಡು ನಿಮಿಷ ಉಳಿಸಲು ಈ ರಸ್ತೆಗೆ ಎಳೆದುಕೊಂಡು ಹೋಗುತ್ತದೆ, ಹೇಳುವುದೂ ಇಲ್ಲ. ಆ ದಿನ ರಾತ್ರಿ ಹೋಟೆಲ್‌ನಲ್ಲಿ ಕೂತು, ಹಾದುಬಂದ ದಾರಿಯನ್ನು ಒಮ್ಮೆ ನೋಡಿ. ಎ36 ಕಂಡರೆ ಅಲ್ಲೇ ಕಟ್ಟಿ ಮುಗಿಸಿ. ಇದೇ ಬಗೆ ಈಗ ಬೇರೆ ಕಡೆಯೂ ಹಬ್ಬುತ್ತಿದೆ. ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋಗುವ ಎ13ರಲ್ಲಿ 2024ರಲ್ಲಿ ಗೇಟು ಕಿತ್ತರು, 72 ಗಂಟೆಯ ಗಡುವು. ಲಂಡನ್ ಪಕ್ಕದ ಡಾರ್ಟ್‌ಫರ್ಡ್ ದಾಟಿದರೆ ಮರುದಿನ ಮಧ್ಯರಾತ್ರಿಯೊಳಗೆ, ಡಬ್ಲಿನ್‌ನ ಎಂ50ಗೆ ಮರುದಿನ ರಾತ್ರಿ 8ರೊಳಗೆ. ಒಂದು ದೇಶದ ಗಡುವನ್ನು ಇನ್ನೊಂದಕ್ಕೆ ಅನ್ವಯಿಸಬೇಡಿ.

ನಿಮ್ಮ ಸ್ನೇಹಿತರಿಗೆ ಬಂದ ಪತ್ರ ಟೋಲಿನದು ಅಲ್ಲದಿರುವ ಸಾಧ್ಯತೆಯೇ ಜಾಸ್ತಿ. ಇಟಲಿಯ ಹಳೇ ಊರುಗಳ ನಡುಭಾಗದಲ್ಲಿ ಹೊರಗಿನ ಕಾರು ಬರುವಂತಿಲ್ಲ. ಇದನ್ನು ಜೆಡ್‌ಟಿಎಲ್ ವಲಯ ಅನ್ನುತ್ತಾರೆ. ಬಿಳಿ ಬೋರ್ಡಿನ ಮೇಲೆ ಕೆಂಪು ವೃತ್ತ, ಪಕ್ಕದಲ್ಲಿ ಕ್ಯಾಮೆರಾ. ಹೋಟೆಲ್ ಹುಡುಕುತ್ತಾ ಒಂದೇ ವಲಯಕ್ಕೆ ಮೂರು ಸಲ ಸುತ್ತಿದರೆ ಮೂರು ದಂಡ. ಹೊರದೇಶದವರಿಗೆ ನೋಟಿಸ್ ಕಳಿಸಲು ಅವರ ಕಾನೂನು 360 ದಿನ ಕೊಡುತ್ತದೆ, ಹಾಗಾಗಿ ಆರು ತಿಂಗಳು ಅಲ್ಲಿ ತಡ ಅಲ್ಲ. ಮೋಟಾರುದಾರಿಯಲ್ಲಿ ಎರಡು ಕಮಾನುಗಳ ನಡುವೆ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳೂ ಇವೆ. ಕ್ಯಾಮೆರಾ ಕಂಡಾಗ ಬ್ರೇಕ್ ಹಾಕುವ ನಮ್ಮ ಉಪಾಯ ಅಲ್ಲಿ ನಡೆಯದು. ಮಿತಿ 130, ಮಳೆ ಬಂದರೆ 110. ವೆರೋನಾದಲ್ಲಿ, ಮಿಲಾನ್‌ನಲ್ಲಿ ಕಾರನ್ನು ಹೊರಗಿನ ಪಾರ್ಕಿಂಗ್‌ನಲ್ಲಿ ಬಿಟ್ಟು ಬಸ್ಸೋ ಮೆಟ್ರೊವೋ ಹಿಡಿಯಿರಿ. ಮಿಲಾನ್‌ನ ನಡುಭಾಗಕ್ಕೆ ವಾರದ ದಿನಗಳಲ್ಲಿ ಕಾರು ಒಯ್ದರೆ 7.50 ಯೂರೊ ಪ್ರವೇಶ ಶುಲ್ಕ ಬೇರೆ. ವೆನಿಸ್‌ನಲ್ಲಿ ಈ ತಲೆನೋವಿಲ್ಲ, ಕಾರು ಹೋಗುವ ರಸ್ತೆಯೇ ಅಂಚಿನಲ್ಲಿ ಮುಗಿಯುತ್ತದೆ. ಮೆಸ್ತ್ರೆಯಲ್ಲಿ ನಿಲ್ಲಿಸಿ ರೈಲು ಹತ್ತಿ.

ಸ್ವಿಟ್ಜರ್‌ಲೆಂಡ್ ಸರಳ, ಆದರೆ ಸ್ವಲ್ಪ ಹೊಟ್ಟೆ ಉರಿಸುತ್ತದೆ. ಇಲ್ಲೂ ವಿನ್ಯೆಟ್, ಆದರೆ ವರ್ಷದ್ದು ಮಾತ್ರ. 40 ಫ್ರಾಂಕ್. ಮೂರು ದಿನಕ್ಕೂ ಅಷ್ಟೇ, ಮುನ್ನೂರು ದಿನಕ್ಕೂ ಅಷ್ಟೇ. 1995ರಿಂದ ಇದೇ ಬೆಲೆ. 100 ಫ್ರಾಂಕ್ ಮಾಡಲು ಸರ್ಕಾರ ಹೊರಟಾಗ 2013ರ ಜನಮತದಲ್ಲಿ ಅಲ್ಲಿನವರೇ ಬೇಡ ಅಂದರು. 2023ರ ಆಗಸ್ಟ್‌ನಿಂದ ನಂಬರಿಗೆ ಹೊಂದಿಕೊಂಡ ಡಿಜಿಟಲ್ ರೂಪವೂ ಇದೆ, ಅಲ್ಲಿನ ಕಸ್ಟಮ್ಸ್ ಇಲಾಖೆಯ ತಾಣದಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಕಾರಿನ ಗಾಜು ನೋಡಿ. ಹಿಂದೆ ಬಾಡಿಗೆಗೆ ಹಿಡಿದ ಯಾರೋ ಈ ವರ್ಷದ ಸ್ಟಿಕರ್ ಅಂಟಿಸಿದ್ದರೆ ಆ ಪುಣ್ಯ ನಿಮಗೆ. ಇಸವಿ ನೋಡಿಕೊಳ್ಳಿ, ಒಂದು ವರ್ಷದ್ದು ಮುಂದಿನ ಜನವರಿ 31ರವರೆಗೆ ಮಾತ್ರ. ಇಲ್ಲದೆ ಓಡಿಸಿದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ ಬೆಲೆ. ಕಿಯಾಸ್ಸೊ ಗಡಿಯಲ್ಲಿ ಒಳಗೆ ಹೋದರೆ ಹದಿನೇಳು ಕಿಲೋಮೀಟರಿನ ಗೊಟ್ಹಾರ್ಡ್ ಸುರಂಗ ಸಿಗುತ್ತದೆ, ಅದಕ್ಕೆ ಬೇರೆ ಹಣ ಇಲ್ಲ. ಆ 40 ಫ್ರಾಂಕ್‌ನ ಮೇಲಿನ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಬಹುದು. ವಾಪಸ್ ಬರುವಾಗ ಬ್ರೆಗೆನ್ಸ್ ಬಳಿ ಆಸ್ಟ್ರಿಯಾದ ಒಂದು ಮೂಲೆ ದಾಟಬೇಕು. ಆ ಹೊತ್ತಿಗೆ ನಿಮ್ಮ ಹತ್ತು ದಿನ ಮುಗಿದಿದ್ದರೂ ಚಿಂತೆ ಬೇಡ. ಎ14ರಲ್ಲಿ ಹೊಹೆನೆಮ್ಸ್‌ನಿಂದ ಜರ್ಮನ್ ಗಡಿಯವರೆಗೆ ವಿನಾಯಿತಿ ಇದೆ.

ಈಗ ಕಾರ್ಡು. ಯುಪಿಐ ಈ ಗೇಟುಗಳಲ್ಲಿ ನಡೆಯುವುದಿಲ್ಲ. ನಮ್ಮ ಬ್ಯಾಂಕುಗಳ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮುಚ್ಚಿಯೇ ಬರುತ್ತದೆ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಹೊರದೇಶದ ಬಳಕೆ, ತಾಗಿಸಿ ಕೊಡುವ ಸೌಲಭ್ಯ, ಅಂತರ್ಜಾಲ ಪಾವತಿ ಮೂರನ್ನೂ ತೆರೆದಿಡಿ. ಎರಡು ಬೇರೆ ಬ್ಯಾಂಕಿನ ಕಾರ್ಡ್ ಇರಲಿ. ಒಟಿಪಿ ಬರಬಹುದು, ಆದ್ದರಿಂದ ಇಲ್ಲಿನ ಸಿಮ್ ತೆಗೆದಿಡಬೇಡಿ, ರೋಮಿಂಗ್‌ನಲ್ಲಿ ಜೀವಂತ ಇಡಿ. ಐವತ್ತು ಯೂರೊದಷ್ಟು ಚಿಲ್ಲರೆ, ಸಣ್ಣ ನೋಟು ಕಾರಿನಲ್ಲಿರಲಿ.

ಟೋಲ್ ತಪ್ಪಿಸುವ ಉಪಾಯಕ್ಕೆ ನನ್ನ ಸಲಹೆ, ಬೇಡ. ಬ್ರೆನ್ನರ್‌ಗೆ ಹಳೆಯ ಪುಕ್ಕಟೆ ರಸ್ತೆ ಇದೆ, ನೋಟವೂ ಚೆನ್ನಾಗಿದೆ. ಆದರೆ ರಜಾಕಾಲದ ವಾರಾಂತ್ಯಗಳಲ್ಲಿ ಟಿರೋಲ್ ಪ್ರಾಂತ್ಯ ಹಾದುಹೋಗುವ ಕಾರುಗಳನ್ನು ಮೋಟಾರುದಾರಿಯಿಂದ ಕೆಳಗಿಳಿಯಲು ಬಿಡುವುದಿಲ್ಲ. ಪೊಲೀಸರು ನಿಂತು ವಾಪಸ್ ಕಳಿಸುತ್ತಾರೆ. ವೆರೋನಾದಿಂದ ವೆನಿಸ್‌ವರೆಗೆ ಟೋಲ್ ಇಲ್ಲದ ರಸ್ತೆಯಲ್ಲಿ ಹೋದರೆ ಊರೂರಿನ ಸಿಗ್ನಲ್ಲು, ವೃತ್ತಗಳಲ್ಲಿ ಅರ್ಧ ದಿನ ಹೋಗುತ್ತದೆ. ಉಳಿಯುವುದು ಸಾವಿರ ರೂಪಾಯಿ ಆಸುಪಾಸು. ಎಲ್ಲೋ ಒಂದು ಹಳ್ಳಿ ನೋಡಲೇಬೇಕು ಅಂತ ಇಳಿಯುವುದಾದರೆ ಅದು ಬೇರೆ ಮಾತು.

ಕೌಂಟರಿನಲ್ಲಿ ಮರೆಯದೆ ಕೇಳಿ: ಈ ಕಾರು ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲೆಂಡ್‌ಗೆ ಹೋಗಬಹುದೇ, ಅದಕ್ಕೆ ಬೇರೆ ಶುಲ್ಕ ಇದೆಯೇ, ವಿನ್ಯೆಟ್ ಈಗಾಗಲೇ ಇದೆಯೇ, ದಂಡ ಬಂದರೆ ನಿಮ್ಮ ಶುಲ್ಕ ಎಷ್ಟು. ಉತ್ತರ ಒಪ್ಪಂದದಲ್ಲಿ ಎಲ್ಲಿದೆ ಅಂತ ತೋರಿಸಲು ಹೇಳಿ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ, ಇಟಲಿಯಲ್ಲಿ ಬೇಕಾಗುತ್ತದೆ. ವಾಪಸ್ ಬಂದ ಮೇಲೆ ಟೋಲ್ ಚೀಟಿ, ವಿನ್ಯೆಟ್ ರಸೀದಿ, ಎ36ರ ಪಾವತಿ ಪತ್ರ ಎಲ್ಲದರ ಫೋಟೊ ಒಂದು ವರ್ಷ ಫೋನಿನಲ್ಲಿ ಇಟ್ಟಿರಿ. ಡಿಪಾಸಿಟ್ ಕೊಟ್ಟ ಕಾರ್ಡಿನ ಸ್ಟೇಟ್‌ಮೆಂಟ್ ಮೇಲೂ ಅಷ್ಟು ದಿನ ಒಂದು ಕಣ್ಣಿರಲಿ.